ಪೂಜೆಗೆ ಕೂತ ಲೈಗೇಸ್

ಮಹಾರಾಷ್ಟ್ರದ ಗಡಿಯೂರು ಉಮರ್ಗಾದ ಒಂದು ಕಾಲೇಜಿನಲ್ಲಿ ನಾನು ಜೀವತಂತ್ರಜ್ಞಾನ ಕಲಿಸುತ್ತೇನೆ. ಪಾಠ ಮರಾಠಿಯಲ್ಲಿ, ಪುಸ್ತಕ ಇಂಗ್ಲಿಷಿನಲ್ಲಿ, ಬೈಗುಳ ಮಾತ್ರ ಕನ್ನಡದಲ್ಲಿ. ಸಿಟ್ಟು ಬಂದಾಗ ನನಗೆ ಬೇರೆ ಭಾಷೆ ಒದಗುವುದಿಲ್ಲ. ಡಿಎನ್‌ಎ ತುಂಡುಗಳನ್ನು ಜೋಡಿಸುವ ಪ್ರಯೋಗ ನಮ್ಮಲ್ಲಿ ಎಂದೂ ಆಗಿರಲಿಲ್ಲ. ಪರೀಕ್ಷೆಯಲ್ಲಿ ಮಕ್ಕಳು ಅದರ ಚಿತ್ರ ಬರೆಯುತ್ತಿದ್ದರು. ಹೊರಗಿನಿಂದ ಬಂದ ಪರೀಕ್ಷಕರು ಚಿತ್ರಕ್ಕೇ ಅಂಕ ಕೊಟ್ಟು, ಊಟ ಮಾಡಿ ಹೋಗುತ್ತಿದ್ದರು. ಗಡಿ ಕಡೆಯ ಮಕ್ಕಳು, ಇವರಿಗೆ ಇಷ್ಟು ಸಾಕು ಎನ್ನುವುದು ಅವರ ದಯೆ. ಆ ದಯೆ ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ವರ್ಷ ಹಟ ಹಿಡಿದು ಪುಣೆಯಿಂದ ಲೈಗೇಸ್ ತರಿಸಿದೆ. ಪ್ರಾಚಾರ್ಯರು ವಾಣಿಜ್ಯ ಓದಿದವರು, ಮಾತು ನೇರ. ಈ ಸಲ ಪರೀಕ್ಷಕರ ಮುಂದೆ ಪ್ರಯೋಗ ಆಗದಿದ್ದರೆ ಇನ್ನು ಚಿತ್ರವೇ ಗತಿ, ನಿಮ್ಮ ಡೀಪ್ ಫ್ರೀಜರ್ ಕ್ಯಾಂಟೀನಿಗೆ ಹೋಗುತ್ತದೆ ಎಂದರು. ಆಗಲಿ ಎಂದು ಬಂದೆ. ಒಳಗೊಳಗೆ ಹೆದರಿಕೆ ಇತ್ತು.

ಲೈಗೇಸ್ ಎಂದರೆ ಜೋಡಿಸುವ ಕಿಣ್ವ. ಡಿಎನ್‌ಎಯ ಎಳೆ ಕಡಿದಲ್ಲಿ ಒಂದು ತುದಿಗೆ ಫಾಸ್ಫೇಟ್ ಇರುತ್ತದೆ, ಎದುರು ತುದಿಗೆ ಹೈಡ್ರಾಕ್ಸಿಲ್. ಬರಿದೇ ಹತ್ತಿರ ಇಟ್ಟರೆ ಅವು ಕೂಡುವುದಿಲ್ಲ. ಲೈಗೇಸ್ ಮೊದಲು ಎಟಿಪಿ ಎಂಬ, ಶಕ್ತಿ ತುಂಬಿದ ಅಣುವನ್ನು ಮುರಿದು, ಅದರ ಒಂದು ಚೂರನ್ನು ತನ್ನ ಮೈಗೆ ಅಂಟಿಸಿಕೊಳ್ಳುತ್ತದೆ. ಆಮೇಲೆ ಮುಷ್ಟಿ ಹಿಡಿದಂತೆ ಡಿಎನ್‌ಎಯನ್ನು ಸುತ್ತಲೂ ಹಿಡಿದು, ಆ ಚೂರನ್ನು ಫಾಸ್ಫೇಟಿನ ತುದಿಗೆ ದಾಟಿಸುತ್ತದೆ. ಆಗ ಎರಡು ತುದಿ ಕೂಡುತ್ತವೆ, ಚೂರು ಉದುರುತ್ತದೆ, ಮುಷ್ಟಿ ಬಿಚ್ಚುತ್ತದೆ. ಜೀವಕೋಶ ಡಿಎನ್‌ಎಯ ನಕಲು ತೆಗೆಯುವಾಗ ಒಂದು ಎಳೆ ತುಂಡುತುಂಡಾಗಿಯೇ ತಯಾರಾಗುತ್ತದೆ, ಅವನ್ನು ಕೂಡಿಸುವುದು ಇದೇ. ಮನುಷ್ಯನ ಇನ್ಸುಲಿನ್ ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ ಸಕ್ಕರೆ ಕಾಯಿಲೆಯವರಿಗೆ ಔಷಧಿ ಮಾಡಿದ್ದಾರಲ್ಲ, ಆ ಬೆಸುಗೆಯೂ ಇದರದೇ.

ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನಿಂದ, ದಾಳಿಂಬ ಎಂಬ ಹಳ್ಳಿಯ ಹುಡುಗಿ ಎದ್ದಳು. ದಿನಾ ಶೇರ್ ಆಟೋದಲ್ಲಿ ಬರುವವಳು, ನನ್ನೊಡನೆ ಮಾತ್ರ ಕನ್ನಡದಲ್ಲೇ ಮಾತು. ಮನೆಯಲ್ಲಿ ತೊಗರಿ, ಸೋಯಾಬೀನ್ ಹೊಲ.

"ಪೈಪಿಗಿ ಹಚ್ಚೋ ಸೊಲ್ಯೂಷನ್ ಇದ್ದಂಗ ಅನ್ರೀ, ಮ್ಯಾಡಮ್."

"ಅಲ್ಲ. ಸೊಲ್ಯೂಷನ್ ಸಂದಿನ್ಯಾಗ ಉಳೀತದ. ಇದು ಕೂಡಿಸಿ, ತಾನು ಎದ್ದು ಹೋಗ್ತದ," ಎಂದೆ. ಮಾತಿನ ಭರದಲ್ಲಿ, ನಮ್ಮ ಪ್ರಯೋಗಶಾಲೆಯ ಹತ್ಯಾರಗಳಲ್ಲೆಲ್ಲ, ಅಂದರೆ ಸಲಕರಣೆಗಳಲ್ಲೆಲ್ಲ, ಇದೇ ದೊಡ್ಡದು ಎಂದೂ ಸೇರಿಸಿದೆ.

ಆಯುಧಪೂಜೆಯ ಖಂಡೆನವಮಿ ಬಂತು. ನಾನು ತವರಿಗೆ, ನಿಲಂಗಾಕ್ಕೆ ಹೋದೆ. ಅಲ್ಲಿ ಕಾಳುಕಡಿಯ ದಲ್ಲಾಳಿ ವ್ಯಾಪಾರದ ನಮ್ಮ ಅಡತ ಅಂಗಡಿಯ ತಕ್ಕಡಿಗೆ ಪೂಜೆ. ಇಲ್ಲಿ ಉಮರ್ಗಾ ಕಡೆ ಹೊಲದವರ ಮನೆಗಳಲ್ಲಿ ಕೂರಿಗೆ, ಟ್ರ್ಯಾಕ್ಟರ್ ತೊಳೆದು ಪೂಜೆ ಮಾಡುತ್ತಾರೆ. ಪೂಜೆಗೆ ಕೂತ ಹತ್ಯಾರವನ್ನು ದಸರೆಯ ಬನ್ನಿ ಕೊಟ್ಟು ತೆಗೆದುಕೊಳ್ಳುವ ತನಕ ಯಾರೂ ಮುಟ್ಟುವುದಿಲ್ಲ. ರಜೆ ಮುಗಿಸಿ ಬಂದು ಪ್ರಯೋಗಶಾಲೆಯ ಬಾಗಿಲು ತೆಗೆದೆ. ಮೇಜಿನ ಮೇಲೆ ಸೂಕ್ಷ್ಮದರ್ಶಕಗಳು ಸಾಲಾಗಿ ಕೂತಿದ್ದವು. ಅವೆಲ್ಲಕ್ಕೂ ಮುಂದೆ, ಬಾಡಿದ ಚೆಂಡುಹೂವಿನ ನಡುವೆ, ವಿಭೂತಿ ಹಚ್ಚಿಸಿಕೊಂಡು ಕೂತಿತ್ತು ಲೈಗೇಸಿನ ಪುಟ್ಟ ನಳಿಗೆ. ಪಕ್ಕದಲ್ಲಿ ಎಟಿಪಿ ಇರುವ ಅದರ ಬಫರ್ ದ್ರಾವಣ. ಮಂಜಿಗಿಂತ ತಣ್ಣಗೆ ಇರಬೇಕಾದ ಜೀವ, ಹಬ್ಬದ ಬಿಸಿಲಿಗೆ ಬೆಂದು ಹೋಗಿತ್ತು.

ನನ್ನ ಕನ್ನಡ ಆ ದಿನ ಕಾರಿಡಾರಿನ ತನಕ ಕೇಳಿರಬೇಕು. ಪೂಜೆ ಮಾಡಿದ್ದು ದಾಳಿಂಬದವಳು ಮತ್ತವಳ ಗೆಳತಿಯರು. ಅವಳು ಅಳಲಿಲ್ಲ, ತಲೆ ಬಗ್ಗಿಸಲೂ ಇಲ್ಲ.

"ಎಲ್ಲಾ ಹತ್ಯಾರದಾಗ ಇದೇ ದೊಡ್ಡದು ಅಂತ ನೀವೇ ಹೇಳಿದ್ರಿ. ಅದಕ್ಕೇ ಮುಂದ ಇಟ್ವಿ," ಎಂದಳು.

ಪಾಠವನ್ನು ಇಷ್ಟು ಮನಸ್ಸಿಗೆ ಹಚ್ಚಿಕೊಂಡವರನ್ನು ನಾನು ನೋಡಿರಲಿಲ್ಲ. ಪುಣೆಗೆ ಫೋನ್ ಮಾಡಿದರೆ ದೀಪಾವಳಿ ಮುಗಿಯುವ ತನಕ ಏನೂ ಕಳಿಸಲಾಗದು ಎಂದರು. ಪರೀಕ್ಷೆ ಅದಕ್ಕೂ ಮೊದಲೇ ಇತ್ತು. ಪ್ರಯೋಗ ಕೈ ಬಿಟ್ಟಿತು ಎಂದುಕೊಂಡು ಕೂತೆ. ಅವಳು ಬಳಿಗೆ ಬಂದಳು.

"ಸತ್ತಿದ್ದು ಲೈಗೇಸೋ, ಎಟಿಪಿನೋ, ಮ್ಯಾಡಮ್?"

ನಾನು ಕೇಳಿಕೊಳ್ಳಬೇಕಾದ ಪ್ರಶ್ನೆ ಅದು. ಲೈಗೇಸ್ ಗ್ಲಿಸರಿನ್‌ನಲ್ಲಿರುತ್ತದೆ, ಸೊರಗಿದರೂ ಸ್ವಲ್ಪ ಬದುಕಿರಬಹುದು. ಬಫರಿನ ಎಟಿಪಿ ಮಾತ್ರ ನಾಜೂಕು, ಕರೆಂಟು ಹೋಗಿ ಬಂದು ಅದು ಮೊದಲೇ ಅರ್ಧ ಸತ್ತಿತ್ತು. ಬೇರೆ ಪ್ರಯೋಗಕ್ಕೆ ತಂದ ಎಟಿಪಿ ಪುಡಿ ಫ್ರೀಜರಿನಲ್ಲಿತ್ತು. "ನೋಡೂಣು," ಎಂದೆ.

ಪರೀಕ್ಷೆಯ ಹಿಂದಿನ ದಿನ ಅವಳೂ ಗೆಳತಿಯರೂ ತಾವೇ ನಳಿಗೆಗಳನ್ನು ಹೂಡಿದರು. ಒಂದರಲ್ಲಿ ಕತ್ತರಿಸಿದ ಡಿಎನ್‌ಎ ಮಾತ್ರ. ಇನ್ನೊಂದರಲ್ಲಿ ಡಿಎನ್‌ಎ, ಪೂಜೆಯ ಲೈಗೇಸ್, ಪೂಜೆಯ ಬಫರ್. ಮೂರನೆಯದರಲ್ಲಿ ಅದೆಲ್ಲದರ ಜೊತೆಗೆ ಹೊಸ ಎಟಿಪಿ. ಕಿಣ್ವ ಸೊರಗಿದೆ ಎಂದು ಎರಡರಲ್ಲೂ ದುಪ್ಪಟ್ಟು ಹಾಕಿದರು. ತಣ್ಣೀರು ತುಂಬಿದ ಥರ್ಮಾಸಿನಲ್ಲಿಟ್ಟು ಮುಚ್ಚಿದರು.

ಮರುದಿನ ಬಂದ ಪರೀಕ್ಷಕರು ಉದಗೀರ ಕಡೆಯವರು. ಚಿತ್ರ ತೋರಿಸಿ ಎಂದು ಮರಾಠಿಯಲ್ಲಿ ಕೈ ಚಾಚಿದರು. ಚಿತ್ರ ಬರೆದಿಲ್ಲ, ಸ್ವಲ್ಪ ಕೂತುಕೊಳ್ಳಿ ಎಂದೆ. ಹುಡುಗಿಯರು ಜೆಲ್ಲಿಗೆ ಮಾದರಿ ಹಾಕಿ ಕರೆಂಟು ಕೊಟ್ಟರು. ಅದರೊಳಗೆ ಚಿಕ್ಕ ತುಂಡು ಬೇಗ ಕೆಳಗಿಳಿಯುತ್ತದೆ, ದೊಡ್ಡದು ಮೇಲೇ ಉಳಿಯುತ್ತದೆ. ಜೆಲ್ಲನ್ನು ದೀಪದಡಿಯಲ್ಲಿಟ್ಟು ಬಗ್ಗಿ ನೋಡಿದೆ.

ಮೊದಲ ಸಾಲಿನಲ್ಲಿ ಕತ್ತರಿಸಿದ ತುಂಡುಗಳು ಪಟ್ಟೆಪಟ್ಟೆಯಾಗಿ ಕೆಳಗಿಳಿದಿದ್ದವು. ಎರಡನೆಯದೂ ಹಾಗೆಯೇ, ಏನೂ ಕೂಡಿರಲಿಲ್ಲ. ಮೂರನೆಯದರಲ್ಲಿ ಕೆಳಗಿನ ಪಟ್ಟೆಗಳು ಮಸುಕಾಗಿ, ಮೇಲುಗಡೆ ಹೊಸದೊಂದು ದಪ್ಪ ಪಟ್ಟೆ ಹೊಳೆಯುತ್ತಿತ್ತು. ತುಂಡುಗಳು ಕೂಡಿದ್ದವು. ಅಷ್ಟೇ ಅಲ್ಲ, ಎಟಿಪಿ ಇಲ್ಲದೆ ಲೈಗೇಸ್ ಕೈ ಆಡಿಸುವುದಿಲ್ಲ ಎಂಬುದೂ ಅಲ್ಲೇ ಕಣ್ಣಿಗೆ ಕಾಣುತ್ತಿತ್ತು. ಕೈಪಿಡಿಯಲ್ಲಿ ಇದು ಇರಲಿಲ್ಲ.

ಪರೀಕ್ಷಕರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ನಡುವಿನ ಸಾಲಿಗೆ ಬೆರಳು ತೋರಿಸಿ, "ಹೇ ಕುಣೀ ಸಾಂಗಿತಲಂ?" ಎಂದರು. ಇದನ್ನು ಮಾಡಲು ಯಾರು ಹೇಳಿಕೊಟ್ಟರು ಎಂದು. ನಾನು ಸೆರಗು ಸರಿಮಾಡಿಕೊಂಡು ಬಾಯಿ ತೆರೆದೆ.

"ಕುಣೀಚ್ ನಾಹೀ, ಸರ್. ಆಮ್ಹೀಚ್ ಕೇಲಂ," ಎಂದಳು ದಾಳಿಂಬದವಳು, ನನ್ನ ಕಡೆ ನೋಡದೆಯೇ. ಯಾರೂ ಹೇಳಿಕೊಟ್ಟಿಲ್ಲ, ನಾವೇ ಮಾಡಿದ್ದು.

ತೆರೆದ ಬಾಯಿ ಮುಚ್ಚಿಕೊಂಡೆ. ಇಷ್ಟು ವರ್ಷ ಕಲಿಸಿದ್ದಕ್ಕೆ ಅಷ್ಟು ಹೆಮ್ಮೆ ನನಗೆ ಎಂದೂ ಆಗಿರಲಿಲ್ಲ.