ಒಂದೇ ಪಂಕ್ತಿಯ ಊಟ

ನನ್ನ ಗಂಡನಿಗೆ ಹಳೇ ಕಾಲದ ಚರಿತ್ರೆ ಕೇಳುವ ಹುಚ್ಚು. ಇಲ್ಲಿ ಗಲ್ಫಿನಲ್ಲಿ ಖಾಲಿದಿಯಾದ ಆಫೀಸಿಗೆ ಕಾರಿನಲ್ಲಿ ಹೋಗುವಾಗ, ಬರುವಾಗ ಫೋನಿನಲ್ಲಿ ಅದೇ. ಹಾಗೆ ಸಿಕ್ಕಿದ್ದು ಮೃತ ಸಮುದ್ರದ ದಂಡೆಯ ಒಂದು ಯೆಹೂದಿ ಪಂಥ. ಎರಡು ಸಾವಿರ ವರ್ಷಗಳ ಹಿಂದೆ ಅದಕ್ಕೆ ಸೇರಿದವರು ಇದ್ದದ್ದನ್ನೆಲ್ಲ ಒಂದೇ ಬೊಕ್ಕಸಕ್ಕೆ ಹಾಕಿ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದರಂತೆ. ಆಸ್ತಿಯ ಬಗ್ಗೆ ಸುಳ್ಳು ಹೇಳಿದವನನ್ನು ಮಾತ್ರ ಒಂದು ವರ್ಷ ಪಂಕ್ತಿಯಿಂದ ಹೊರಗಿಡುತ್ತಿದ್ದರಂತೆ. ಇವರ ಬಾಯಲ್ಲಿ ಅದನ್ನೇ ಕೇಳಿ ಕೇಳಿ ನನಗೆ ಕಿವಿ ತೂತು ಬಿದ್ದಿತ್ತು.

ಅಷ್ಟರಲ್ಲಿ ಮೈದುನನ ಕೆಲಸ ಹೋಯಿತು. ಹೆಂಡತಿ, ಮಗಳ ಜೊತೆ ಖಲೀಫಾ ಸಿಟಿಯ ನಮ್ಮ ಮನೆಗೇ ಬಂದ. ಹುಡುಗಿ ಹತ್ತನೇ ಕ್ಲಾಸು. ಬಾಕಿ ಫೀಸು ಕಟ್ಟದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದಿದ್ದರು ಸ್ಕೂಲಿನವರು.

"ಇನ್ನು ನಾವೂ ಆ ಪಂಥದವರ ಹಾಗೆಯೇ. ಇದ್ದದ್ದೆಲ್ಲ ಒಂದೇ ಕಡೆ" ಅಂದರು ಇವರು. ಓರಗಿತ್ತಿ ಕಿವಿಯ ಓಲೆಯನ್ನೂ ಬಿಚ್ಚಿಟ್ಟಳು. ನಾನು ಅಮ್ಮ ಕೊಟ್ಟ ಬಳೆ ಕಳಚಿಕೊಟ್ಟೆ. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ?

"ನಿಮ್ಮದು?" ಎಂದು ಕೇಳಿದೆ.

"ಸಂಬಳ ಬಿಟ್ಟರೆ ನನ್ನ ಹತ್ರ ಎಂತ ಉಂಟು ಮಾರಾಯ್ತಿ? ಮಾಫಿ, ಏನೂ ಇಲ್ಲ!"

ಮರುದಿನ ಇವರೇ ಚಿನ್ನ ಮಾರಿ ಬಂದರು. ದುಡ್ಡೆಲ್ಲ ಮೈದುನನ ಹಳೇ ಫ್ಲ್ಯಾಟಿನ ಬಾಕಿ ಬಾಡಿಗೆಗೇ ಹೋಯಿತು. ಫೀಸು ಹಾಗೇ ಉಳಿಯಿತು.

ಕೊನೆಯ ಗಡುವು ಸೋಮವಾರ. ಶನಿವಾರ ಮಧ್ಯಾಹ್ನ ಅಲ್ ಮೀನಾ ಮಾರ್ಕೆಟ್ಟಿನಿಂದ ತಂದ ಅಂಜಲ್ ಮೀನಿನ ಸಾರು ಮಾಡಿ ತಟ್ಟೆ ಇಡುತ್ತಿದ್ದೆ. ಇವರು ಕೈ ತೊಳೆಯಲು ಹೋಗಿದ್ದಾಗ ಇವರ ಫೋನು ಬಡಕೊಂಡಿತು. ನಾನೇ ಸ್ಪೀಕರ್ ಒತ್ತಿದೆ. ಊರಿನ ಬ್ರೋಕರ್.

"ಸರ್, ಮಣಿಪಾಲದ ನಿಮ್ಮ ಸೈಟಿಗೆ ಗಿರಾಕಿ ಬಂದಿದ್ದಾರೆ. ಕೊಡುವುದಾ, ಬೇಡ್ವಾ?"

ಇವರು ಒದ್ದೆ ಕೈಯಲ್ಲಿ ಬಾಗಿಲಲ್ಲೇ ನಿಂತಿದ್ದರು. "ಅದು... ಮುಂದಕ್ಕೆ ಬೇಕಾಗ್ತದೆ ಅಂತ..."

ನನಗೆ ಮೈಯೆಲ್ಲ ಉರಿದುಹೋಯಿತು. ಇವರ ತಟ್ಟೆ ಎತ್ತಿ ಕಪಾಟಿನಲ್ಲಿಟ್ಟೆ. "ನಿಯಮ ಹೇಳಿಕೊಟ್ಟವರು ನೀವೇ ಅಲ್ವಾ?"

"ಬೇಡ ಅತ್ತಿಗೆ, ಅಣ್ಣನಿಗೆ ಬಡಿಸಿ. ನಾವು ಊರಿಗೆ ಹೋಗ್ತೇವೆ" ಎಂದು ಮೈದುನ ಎದ್ದ. ಹುಡುಗಿ ಮುಖ ಮುಚ್ಚಿಕೊಂಡು ಅಳತೊಡಗಿದಳು.

"ನೀನು ಕೂತ್ಕೋ" ಅಂದೆ ಮೈದುನನಿಗೆ. ಫೋನಿನಲ್ಲಿ ಆ ಮನುಷ್ಯ ಹಲೋ ಹಲೋ ಅನ್ನುತ್ತಲೇ ಇದ್ದ.

ಇವರು ತಟ್ಟೆಯಿಲ್ಲದ ತಮ್ಮ ಜಾಗ ನೋಡಿದರು, ಹುಡುಗಿಯನ್ನು ನೋಡಿದರು. "ಕೊಟ್ಟುಬಿಡಿ. ಮುಂಗಡ ಇವತ್ತೇ ಬೇಕು" ಎಂದರು.

ತಟ್ಟೆ ವಾಪಸ್ ತಂದಿಟ್ಟು ಬಡಿಸಿದೆ. ಇವರು ತಲೆ ಎತ್ತದೆ ಉಂಡರು. ಸಾರು ಹಾಕುವಾಗ ಮಾತ್ರ ಇವರ ಕಣ್ಣು ನನ್ನ ಬೋಳು ಕೈಯ ಮೇಲೆ ನಿಂತಿತು. ಅಮ್ಮನ ಬಳೆ ಅಷ್ಟರಲ್ಲಿ ಯಾವುದೋ ಅಂಗಡಿಯಲ್ಲಿ ಕರಗಿಹೋಗಿತ್ತು.