ಅಗಸೆ ಎಣ್ಣೆಯ ಗೋಡೆ

ಚಾಡಿ ಹೇಳಿದವನು ನಾನೇ. ಬಾಯಿಂದಲ್ಲ, ಅಣಕದಿಂದ. ಎಂಟನೇ ವಯಸ್ಸಿಗೇ ಊರಿನ ಎಲ್ಲರ ದನಿ, ನಡಿಗೆ, ಕೆಮ್ಮು ನನ್ನ ಕಿಸೆಯಲ್ಲಿದ್ದವು; ಬುದ್ಧಿ ಇಟ್ಟುಕೊಳ್ಳಲು ಮಾತ್ರ ಜಾಗ ಉಳಿದಿರಲಿಲ್ಲ. ಮೊನ್ನೆ ಇಂಡಿ ಊರಿನ ಪುಟ್ಟ ವಸ್ತುಸಂಗ್ರಹಾಲಯದ ಹೊಸ್ತಿಲು ದಾಟಿದ್ದೇ ತಡ, ಅಗಸೆ ಎಣ್ಣೆಯ ವಾಸನೆ ಮೂಗಿಗೆ ಬಡಿದು ಆ ಹಳೆಯ ತಪ್ಪು ಎದ್ದು ನಿಂತಿತು. ಐನೂರು ವರ್ಷದ ಹಿಂದೆ ಇಟಲಿಯಲ್ಲಿ ಚಿತ್ರ ಬರೆಯುತ್ತ, ಯಂತ್ರಗಳ ಕನಸು ಕಾಣುತ್ತ ಬಾಳಿದವನೊಬ್ಬನ ರೆಕ್ಕೆ, ಗಾಲಿ, ನೀರೆತ್ತುವ ರಾಟೆಗಳನ್ನು ಕಟ್ಟಿಗೆಯಲ್ಲಿ ಮಾಡಿ ಎಣ್ಣೆ ಸವರಿ ಇಟ್ಟಿದ್ದರು. ನೋಡಲೆಂದು ಅಪ್ಪನ ತಮ್ಮ ಕಾಕಾನನ್ನು ನಾನೇ ಎಳೆದುಕೊಂಡು ಹೋಗಿದ್ದೆ. ಕಾಕಾ ಅಲ್ಲಿಯ ಲಿಂಬೆ ಮಾರುಕಟ್ಟೆಯಲ್ಲಿ ಚೀಲಗಳ ಮೇಲೆ ಹೆಸರು ಬರೆಯುತ್ತಾನೆ. ಅವನ ಬಲಗೈ ಅಕ್ಷರಗಳು ಕುಡಿದವರ ಹಾಗೆ ಒಂದರ ಮೇಲೊಂದು ವಾಲುತ್ತವೆ.

ನಾಲತವಾಡದ ನಮ್ಮ ಮನೆ ಈಗಿಲ್ಲ. ಅದರ ಅಟ್ಟದಲ್ಲಿ ಇದೇ ವಾಸನೆ ಇತ್ತು. ಅಜ್ಜಿಯ ಡಬ್ಬಿಯಿಂದ ಕದ್ದ ಅಗಸೆ ಎಣ್ಣೆಗೆ ದೀಪದ ಮಸಿ ಕಲಸಿ, ಹದಿನೇಳರ ಕಾಕಾ ಗೋಡೆ ತುಂಬ ಬರೆಯುತ್ತಿದ್ದ: ರೆಕ್ಕೆ ಬಡಿಯುವ ಎತ್ತು, ತಾನೇ ನೀರು ಸೇದಿಕೊಳ್ಳುವ ಬಾವಿ. ಎಲ್ಲ ಎಡಗೈಯಿಂದ. ಅಜ್ಜನ ಪಾಲಿಗೆ ಎಡಗೈ ತೊಳೆಯುವ ಕೈ. ಉಣ್ಣಲು, ಬಡಿಸಲು, ಬರೆಯಲು ಬಲಗೈಯೇ ಆಗಬೇಕು. ಹೊಡೆದು ಹೊಡೆದು ಮಗನ ಎಡಚತನ ಬಿಡಿಸಿದ್ದೇನೆಂದು ಅವನು ನಂಬಿದ್ದ. ಮೊಣಕಾಲು ನೋವಿಗೆ ಅಟ್ಟ ಹತ್ತುತ್ತಿರಲಿಲ್ಲ. "ಯಾರ ಮುಂದೂ ಹೇಳಬ್ಯಾಡಪಾ" ಎಂದಿದ್ದ ಕಾಕಾ. ನಿಮ್ಮ ಮನೆಯಲ್ಲೂ ಇಂಥದೊಂದು ಗೋಡೆ ಇದ್ದಿರಬೇಕು, ನನ್ನಂಥವನು ಇರದಿದ್ದರೆ ಪುಣ್ಯ.

ಪಂಚಮಿಯ ಊಟಕ್ಕೆ ನೆಂಟರೆಲ್ಲ ಸಾಲಾಗಿ ಕೂತಿದ್ದಾಗ ನಾನು ಎಡಗೈಯಲ್ಲಿ ಸೌಟು ಹಿಡಿದು, ಕಾಕಾನ ಹಾಗೇ ನಾಲಿಗೆ ಚಾಚಿ, ಗಾಳಿಯಲ್ಲಿ ಎತ್ತು ಬರೆದೆ. "ಯಾರಲೇ ಅದು?" ಎಂದಳು ಅತ್ತೆ. ನಾನು ಗದ್ದದಿಂದ ಅಟ್ಟ ತೋರಿಸಿದೆ. ಎಲ್ಲರೂ ನಕ್ಕರು, ಅಜ್ಜ ನಗಲಿಲ್ಲ. ಮರುದಿನ ಧೋತರದ ಚೂರಿನಿಂದ ಕಾಕಾನ ಎಡಗೈಯನ್ನು ಬೆನ್ನಿಗೆ ಕಟ್ಟಿಸಿ, ಬಲಗೈಗೆ ಸುಣ್ಣದ ಕುಂಚ ಕೊಟ್ಟ. ತನ್ನ ಗೋಡೆಯನ್ನು ಕಾಕಾನೇ ಬಳಿದ. ಸುಣ್ಣದ ಬಕೆಟ್ ಎತ್ತಿ ಕೊಟ್ಟವನು ನಾನು. ಅವನು ಮತ್ತೆಂದೂ ಚಿತ್ರ ಬರೆಯಲಿಲ್ಲ.

"ಈ ಇಟಲಿಯವರು ಎಡಗೈಲೇನ ಬರೀತಿದ್ರು ನೋಡ್ರಿ," ಎಂದಳು ಪ್ರದರ್ಶನ ವಿವರಿಸುವ ಹುಡುಗಿ.

"ಅವರಪ್ಪ ಸುಮ್ನಿದ್ನೇನ್ರಿ?" ಎಂದ ಕಾಕಾ.

ಬಂದವರು ಬರೆಯಲೆಂದು ಮೇಜಿನ ಮೇಲೆ ಹಾಳೆ, ಪೆನ್ಸಿಲ್ ಇಟ್ಟಿದ್ದರು. ಪೆನ್ಸಿಲ್ಲನ್ನು ಕಾಕಾನ ಎಡಕ್ಕೆ ಸರಿಸಿ, "ಆ ಎತ್ತು ಒಮ್ಮಿ ಬರಿ ಕಾಕಾ," ಎಂದೆ. ಅವನು ಬಲಗೈಯಿಂದ ಹಾಳೆಯ ಅಂಚು ಸವರಿದ. ಆಮೇಲೆ ಎಡಗೈ ಮೆಲ್ಲಗೆ ಮೇಲೆದ್ದಿತು, ಬೆರಳುಗಳು ಪೆನ್ಸಿಲ್ ಮುಟ್ಟಿದವು. ಅಷ್ಟಕ್ಕೇ ನನಗೆ ತಡೆಯಲಾಗಲಿಲ್ಲ, ನಗಿಸೋಣವೆಂದು ಅಜ್ಜನ ದನಿ ತೆಗೆದೆ: "ಏ ಎಡಚಾ, ಕೈ ಕಡೀತೇನಿ ನೋಡ!"

ಕೈ ಕಿಸೆಯೊಳಗೆ ಹೋಯಿತು.

"ಅಪ್ಪ ಸತ್ತು ಹನ್ನೆರಡು ವರ್ಷ ಆತಲೇ," ಎಂದ ಕಾಕಾ. "ನೀ ಒಬ್ಬಾಂವ ಅವನ್ನ ಸಾಯಾಕ ಬಿಡವಲ್ಲಿ."