ತಳ್ಳುವ ಕಾರು, ಎಳೆಯುವ ಕಾರು

ಬೆಳಕವಾಡಿ ಕಡೆಗೆ ಕಾರೊಂದು ಬಂದರೆ ನಾಯಿಗಳು ಅದನ್ನು ಊರಾಚೆಯವರೆಗೂ ಬೀಳ್ಕೊಟ್ಟು ಬರುತ್ತಿದ್ದ ಕಾಲ ಅದು. ಅಂಥದ್ದರಲ್ಲಿ ನಮ್ಮ ಮನೆ ಮುಂದೆ ಎರಡು ಹಳೇ ಕಾರು ನಿಂತಿದ್ದವು. ಎತ್ತುಗಳಿಗೆ ಇಟ್ಟಂತೆ ಅವಕ್ಕೂ ಹೆಸರಿತ್ತು. ಅಪ್ಪನ ದೊಡ್ಡ ಕಾರು ಬಿಳಿಯ. ಅದರ ಇಂಜಿನ್ನಿನ ಬಲವೆಲ್ಲ ಹಿಂದಿನ ಚಕ್ರಕ್ಕೆ. ಚಿಕ್ಕಪ್ಪನ ಪುಟ್ಟ ಕಾರು ಕೆಂಪ. ಅದರದ್ದು ಮುಂದಿನ ಚಕ್ರಕ್ಕೆ.

“ಎತ್ತು ಮುಂದಿರ್ಬೇಕು ಕಣಣ್ಣ. ಇಂದ್ಗಡೆಯಿಂದ ತಳ್ಳಕೆ ಅದೇನು ಕೆಟ್ಟು ನಿಂತ ಬಸ್ಸಾ?” ಎನ್ನುತ್ತಿದ್ದ ಚಿಕ್ಕಪ್ಪ.

“ನಿಂದು ಕಾರಲ್ಲ ಕಣ್ಲಾ, ಸೋಪಿನ ಪೆಟ್ಟಿಗೆ” ಎನ್ನುತ್ತಿದ್ದರು ಅಪ್ಪ.

ಸುಗ್ಗಿ ಬಂತು. ಅಂಗಳದಲ್ಲಿ ರಾಗಿ ಒಣಹಾಕಲು ಜಾಗವಿಲ್ಲದೆ ಅಜ್ಜಿ ರೇಗಿದಳು. “ಒಂದ ಮಾರ್ರಲಾ. ಎರಡು ಮೂಟೆ ಬೆಲ್ಲ ತುಂಬ್ಕಂಡು ಆಲೆಮನೆಯಿಂದ ಯಾವ್ದು ನಾಲೆ ಏರೀನ ಅತ್ತುತ್ತೋ ಅದಿರ್ಲಿ.” ಬಿಳಿಯ ಹೋದರೆ ಗತಿಯೇನೆಂದು ನನಗೆ ಎರಡು ದಿನ ಮುದ್ದೆ ಇಳಿಯಲಿಲ್ಲ. ಚಿಂತೆ ಮಾಡುವ ಕಸುಬಿನಲ್ಲಿ ನಾನು ಆಗಲೇ ಪಳಗಿದ್ದೆ.

ಆಲೆಮನೆಯಲ್ಲಿ ಕೊಪ್ಪರಿಗೆಯ ಪಾಕ ಘಮಗುಡುತ್ತಿತ್ತು. ಏರಿಯ ದಾರಿಯಲ್ಲಿ ಕಬ್ಬಿನ ಒಣಗರಿ ಹರಡಿ, ಕಾಲಿಟ್ಟರೆ ಜಾರುತ್ತಿತ್ತು. ಡಿಕ್ಕಿಗೆ ಬೆಲ್ಲ ಬಿದ್ದಿದ್ದೇ ತಡ, ಭಾರ ಹಿಂದಿನ ಚಕ್ರದ ಮೇಲೆ ಕೂತು ಬಿಳಿಯ ಗಬ್ಬದ ಎಮ್ಮೆಯಂತೆ ನಿಧಾನಕ್ಕೆ ಹತ್ತಿತು. ನಾನು ಕುಣಿದೆ.

ಕೆಂಪನಿಗೂ ಬೆಲ್ಲ ಹಿಂದೆಯೇ. ಮೂತಿ ಹಗುರಾಗಿ, ಮುಂದಿನ ಚಕ್ರ ನಿಂತಲ್ಲೇ ಗಿರ್ರನೆ ತಿರುಗಿ ಗರಿ ತೂರಿತು. ಮೂರು ಸಲವೂ ಅಷ್ಟೆ. ಚಿಕ್ಕಪ್ಪ ಸ್ಟೇರಿಂಗಿಗೆ ಹಣೆಯಿಟ್ಟು ಕೂತ.

ಅಪ್ಪ ಪಂಚೆ ಎತ್ತಿ ಕಟ್ಟಿ ಇಳಿದು ಬಂದರು. ಬಂದವರು ಸೀದಾ ಕೆಂಪನ ಬಾನೆಟ್ ಹತ್ತಿ ಕೂತರು.

“ಇಂದ್ಗಡೆ ಭಾರ ಆಗಿ ನೊಗ ಎದ್ರೆ ಎತ್ತಿನ್ ಗಾಡೀಲಿ ಏನ್ಲಾ ಮಾಡ್ತೀವಿ? ಮುಂದ್ಕೆ ಬಂದು ಕೂರಾಕಿಲ್ವಾ? ಬಾರ್ಲಾ ಗುಂಡ, ನಿನ್ ತೂಕ ಇವತ್ತಾದ್ರೂ ಕೆಲ್ಸಕ್ಕೆ ಬರ್ಲಿ” ಎಂದು ನನ್ನನ್ನೂ ಕರೆದರು.

“ಅಪ್ಪ, ಇದೂ ಅತ್ತುಬುಟ್ರೆ ನಮ್ ಬಿಳಿಯ...”

“ಬಾಯ್ ಮುಚ್ಕಂಡು ಕೂತ್ಕೊ.”

ಚಡ್ಡಿ ಸುಡುವ ಬಾನೆಟ್ಟಿನ ಮೇಲೆ ಕೂತೆ. ದಾರಿ ಕಾಣದ ಚಿಕ್ಕಪ್ಪ ಕಿಟಕಿಯಿಂದ ಕತ್ತು ಹೊರಹಾಕಿ, ನಗುತ್ತಲೇ ಓಡಿಸಿದ. ಕೆಂಪ ಹತ್ತಿಯೇಬಿಟ್ಟಿತು.

ಏರಿಯ ಮೇಲಿದ್ದ ಅಜ್ಜಿ ಮಕ್ಕಳಿಬ್ಬರನ್ನೂ ನೋಡಿದಳು. “ರಾಗಿ ತಾರ್ಸಿ ಮ್ಯಾಲೆ ಒಣಗ್ತದೆ, ಎರಡೂ ಇರ್ಲಿ ಬುಡ್ರಲಾ.”

ಈಗ ಆ ದಾರಿಗೆ ಕಾಂಕ್ರೀಟು ಬಿದ್ದಿದೆ. ಟೈರು, ಬ್ಯಾಟರಿ, ವಿಮೆ ಎಂದು ದಿನವೂ ಕೊರಗುವ ನಾನು, ನನ್ನ ಕಾರಿಗೆ ಬಲ ಯಾವ ಚಕ್ರದ್ದೆಂದು ಒಮ್ಮೆಯೂ ಕೇಳಿಲ್ಲ. ಎಲ್ಲ ಕಾರುಗಳೂ ಸಲೀಸಾಗಿ ಹತ್ತಿ ಹೋಗುತ್ತವೆ. ಹಿಂದಿನವನು ಹತ್ತಿದನೋ ಇಲ್ಲವೋ ಎಂದು ಇಳಿದು ನೋಡುವ ಕೆಲಸ ಯಾರಿಗೂ ಉಳಿದಿಲ್ಲ.